ಪಿಕಪ್ ಟ್ರಕ್ಕಿಗೆ ಫಿಫ್ತ್ ವೀಲ್ ಟ್ರೇಲರ್: ಎತ್ತರ ಹೊಂದಿಸುವುದು ಹೇಗೆ?

ಅಮೆರಿಕದಲ್ಲಿ ಮನೆಯಂಥ ಟ್ರೇಲರ್ ಕೊಳ್ಳುವಾಗ ಎಲ್ಲರೂ ಕೇಳುವುದು ಒಂದೇ, ನನ್ನ ಟ್ರಕ್ ಇಷ್ಟು ತೂಕ ಎಳೆಯುತ್ತಾ? ಎತ್ತರದ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ನಾನೂ ಕೇಳಿರಲಿಲ್ಲ. ಮೊದಲ ಪ್ರವಾಸದಲ್ಲಿ ಕ್ಯಾಂಪ್‌ಗ್ರೌಂಡಿನ ಬಾಗಿಲ ಹತ್ತಿರ ಸಣ್ಣ ಚರಂಡಿಯನ್ನು ಓರೆಯಾಗಿ ದಾಟುವಾಗ ಟ್ರಕ್ಕಿನ ಎಡ ಚಕ್ರ ತಗ್ಗಿಗೆ ಇಳಿಯಿತು, ಹಿಂದೆ ಕರ್ ಅಂತ ತಗಡು ಮಡಚಿದ ಸದ್ದು. ಇಳಿದು ನೋಡಿದರೆ ಬಲಗಡೆ ಬೆಡ್ ರೈಲ್ ಮೇಲೆ, ಅಂದರೆ ಟ್ರಕ್ಕಿನ ಹಿಂದೆ ಸಾಮಾನು ಹಾಕುವ ತೆರೆದ ಡಬ್ಬದ ಪಕ್ಕದ ಗೋಡೆಯ ಅಂಚಿನಲ್ಲಿ, ಅಂಗೈ ಅಗಲದ ತಗ್ಗು. ಟೇಪು ಹಿಡಿದು ಹತ್ತು ನಿಮಿಷ ಅಳೆದಿದ್ದರೆ ಇದು ಆಗುತ್ತಿರಲಿಲ್ಲ.

ಫಿಫ್ತ್ ವೀಲ್ ಜೋಡಣೆ ನಮಗೆ ಹೊಸದೇನಲ್ಲ. ನಮ್ಮ ಹೆದ್ದಾರಿಯಲ್ಲಿ ಕಂಟೇನರ್ ಎಳೆಯುವ ಟ್ರೇಲರ್ ಲಾರಿಗಳಲ್ಲೂ ಇದೇ ಇರುತ್ತದೆ. ಟ್ರೇಲರಿನ ಮೂತಿಯ ಕೆಳಗೆ ಕಿಂಗ್‌ಪಿನ್ ಅನ್ನುವ 2 ಇಂಚು ದಪ್ಪದ ಉಕ್ಕಿನ ಗೂಟ, ಅದನ್ನು ಕಚ್ಚಿ ಹಿಡಿಯುವ ಹಿಚ್. ವ್ಯತ್ಯಾಸ ಏನೆಂದರೆ, ಲಾರಿಯಲ್ಲಿ ಹಿಚ್ ಬಯಲಲ್ಲಿರುತ್ತದೆ, ಪಿಕಪ್ಪಿನಲ್ಲಿ ಡಬ್ಬದ ಒಳಗೆ, ಹಿಂದಿನ ಆಕ್ಸಲ್ ನೇರಕ್ಕೆ ಕೂರುತ್ತದೆ. ಟ್ರೇಲರಿನ ಮೂತಿ ಡಬ್ಬದ ಗೋಡೆಗಳ ಮೇಲೆ ಚಾಚಿರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

ಮೊದಲು ಟ್ರೇಲರನ್ನು ಒಂಟಿಯಾಗಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟೈರುಗಳಲ್ಲಿ ಗಾಳಿ ಸರಿಯಾಗಿರಲಿ. ಚಾಸಿಸ್ ಮೇಲೆ ರಸಮಟ್ಟ ಇಟ್ಟು, ಮುಂದಿನ ಕಾಲುಗಳನ್ನು ಏರಿಸಿ ಇಳಿಸಿ ಗುಳ್ಳೆ ನಡುವೆ ಬರುವಂತೆ ಮಾಡಿ. ಈಗ ನೆಲದಿಂದ ಮೂತಿಯ ಹೊಟ್ಟೆಯ ತನಕ ಅಳೆದು ಬರೆದುಕೊಳ್ಳಿ.

ಆಮೇಲೆ ಟ್ರಕ್. ನೆಲದಿಂದ ಬೆಡ್ ರೈಲ್ ಮೇಲಂಚಿನ ತನಕ, ಹಿಂಬಾಗಿಲ ಹತ್ತಿರ ಅಳೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಖಾಲಿ ಟ್ರಕ್ಕಿನ ಎತ್ತರ ನಂಬಬೇಡಿ. ಟ್ರೇಲರಿನ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಿಂಗ್‌ಪಿನ್ ಮೂಲಕ ಟ್ರಕ್ ಮೇಲೆ ಬೀಳುತ್ತದೆ, 12,000 ಪೌಂಡಿನ ಟ್ರೇಲರ್ ಅಂದರೆ ಹೆಚ್ಚುಕಡಿಮೆ 2,400 ಪೌಂಡು. ಅಷ್ಟು ಭಾರ ಬಿದ್ದಾಗ ಹಿಂಭಾಗ ಎರಡು ಮೂರು ಇಂಚು ಕುಸಿಯಬಹುದು. ಆದ್ದರಿಂದ ಒಮ್ಮೆ ಖಾಲಿಯಿದ್ದಾಗ, ಒಮ್ಮೆ ಟ್ರೇಲರ್ ಕೂರಿಸಿ, ಎರಡು ಸಲ ಅಳೆಯಿರಿ.

ಉದಾಹರಣೆಗೆ ಖಾಲಿ ಟ್ರಕ್ಕಿನ ರೈಲ್ 58 ಇಂಚು, ಭಾರ ಬಿದ್ದಾಗ 55.5. ಟ್ರೇಲರ್ ಮಟ್ಟವಾಗಿದ್ದಾಗ ಅದರ ಹೊಟ್ಟೆ 60 ಇಂಚು. ನಡುವೆ ಉಳಿದದ್ದು ನಾಲ್ಕೂವರೆ ಇಂಚು. ಸಾಲುವುದಿಲ್ಲ, ಕನಿಷ್ಠ 6 ಇಂಚು ಬೇಕು. ಅಷ್ಟೊಂದು ಯಾಕೆ ಅಂತೀರಾ? ಹಿಚ್‌ನಿಂದ ಹಿಂಬಾಗಿಲಿಗೆ ಸುಮಾರು 4 ಅಡಿ. ದಿಬ್ಬದಾಚೆ ಟ್ರಕ್ ಇಳಿಯುವಾಗ ಟ್ರೇಲರ್ ಇನ್ನೂ ಮೇಲೇ ಇರುತ್ತದಲ್ವಾ, ಆಗ ಇವೆರಡರ ನಡುವೆ ಬರೀ 7 ಡಿಗ್ರಿ ಓರೆಯಾದರೂ ಹಿಂಬಾಗಿಲು 6 ಇಂಚು ಮೇಲೇಳುತ್ತದೆ.

ಜಾಗ ಸಾಲದಿದ್ದರೆ ಸುಲಭದ ದಾರಿ ಬೋಲ್ಟುಗಳಲ್ಲಿದೆ. ಕಿಂಗ್‌ಪಿನ್ ಹಿಡಿದಿರುವ ಪಿನ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ಸಾಲಾಗಿ ತೂತುಗಳಿರುತ್ತವೆ. ಬಾಕ್ಸನ್ನು ಒಂದು ತೂತು ಕೆಳಗಿಳಿಸಿದರೆ ಮೂತಿ ಅಷ್ಟು ಮೇಲೇಳುತ್ತದೆ. ಹಲವು ಹಿಚ್‌ಗಳನ್ನೂ ಹೀಗೇ ಏರಿಸಬಹುದು. ಬೋಲ್ಟುಗಳನ್ನು ಕಂಪನಿ ಹೇಳಿದ ಟಾರ್ಕಿಗೇ, ಅಂದರೆ ತಿರುಗಿಸುವ ಬಲಕ್ಕೇ, ಬಿಗಿಯಿರಿ, ಕೈಯಂದಾಜು ಬೇಡ.

ಆದರೆ ಮೂತಿ ಎದ್ದಷ್ಟೂ ಟ್ರೇಲರ್ ಹಿಂದಕ್ಕೆ ವಾಲುತ್ತದೆ, ಹಿಂದಿನ ಆಕ್ಸಲ್ಲಿನ ಟೈರುಗಳಿಗೆ ಹೊರೆ ಜಾಸ್ತಿಯಾಗುತ್ತದೆ. ಪಟ್ಟಿ ಸ್ಪ್ರಿಂಗ್ ಇರುವ ಟ್ರೇಲರಿನಲ್ಲಿ ಎರಡು ಆಕ್ಸಲ್ ನಡುವಿನ ತೂಗುತುಂಡು ಭಾರವನ್ನು ತಕ್ಕಮಟ್ಟಿಗೆ ಹಂಚುತ್ತದೆ. ಪಟ್ಟಿ ಸ್ಪ್ರಿಂಗಿನ ಬದಲು ಆಕ್ಸಲ್ ಒಳಗಿನ ರಬ್ಬರೇ ಕುಲುಕಾಟ ತಡೆಯುವ ಟಾರ್ಷನ್ ಆಕ್ಸಲ್ಲಿನಲ್ಲಿ ಹಾಗಿಲ್ಲ, ಅಂಥವರು ಮಟ್ಟದ ಬಗ್ಗೆ ಇನ್ನೂ ಜಾಗ್ರತೆ ವಹಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಒಂದೋ ಒಂದೂವರೆ ಇಂಚು ಮೂತಿ ಮೇಲಿದ್ದರೆ ಚಿಂತೆಯಿಲ್ಲ, ರೈಲ್ ಮೇಲಿನ ಜಾಗ ಮಾತ್ರ ಬಿಟ್ಟುಕೊಡಬೇಡಿ.

ಅದಕ್ಕಿಂತ ಜಾಸ್ತಿ ಎತ್ತಬೇಕಾದರೆ ಟ್ರೇಲರನ್ನೇ ಪೂರ್ತಿ ಏರಿಸಬೇಕು. ಆಕ್ಸಲ್ ಕೆಳಗಿರುವ ಸ್ಪ್ರಿಂಗನ್ನು ಮೇಲೆ ಕೂರಿಸುವುದು ಒಂದು ದಾರಿ, ಆದರೆ ತಯಾರಕರನ್ನು ಕೇಳಿ, ಒಳ್ಳೆ ವರ್ಕ್‌ಶಾಪಿನಲ್ಲೇ ಮಾಡಿಸಿ. ಆಮೇಲೆ ಮೇಲಿನ ಏಸಿಯ ನೆತ್ತಿಯ ತನಕ ಅಳೆಯಲು ಮರೆಯಬೇಡಿ. ಎತ್ತರದ ಮಿತಿ ಅಮೆರಿಕದ ಪೂರ್ವದ ಹಲವು ರಾಜ್ಯಗಳಲ್ಲಿ 13 ಅಡಿ 6 ಇಂಚು, ಪಶ್ಚಿಮದ ಹಲವು ಕಡೆ 14 ಅಡಿ. ಸೇತುವೆಯ ಬೋರ್ಡ್ ನೋಡುವಾಗ ನಿಮ್ಮ ಟ್ರೇಲರಿನ ಎತ್ತರ ಬಾಯಲ್ಲೇ ಇರಬೇಕು.

ಕೊನೆಗೆ ಜೋಡಿಸುವಾಗ ಒಂದು ವಿಷಯ. ಟ್ರಕ್ಕನ್ನು ಹಿಂದಕ್ಕೆ ತರುವಾಗ ಕಿಂಗ್‌ಪಿನ್ ಮೇಲಿನ ತಟ್ಟೆ ಹಿಚ್‌ನ ತಟ್ಟೆಗೆ ತಾಗಿ, ತುಸು ಮೇಲೆದ್ದು ಜಾರಬೇಕು. ತಾಗದೆ ಬಂದರೆ ಗೂಟ, ಅದನ್ನು ಕಚ್ಚಬೇಕಾದ ಹಿಚ್‌ನ ದವಡೆಯ ಮೇಲೇ ಕೂತುಬಿಡುತ್ತದೆ, ಹೊರಗಿನಿಂದ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ, ಹೊರಟ ಮೇಲೆ ಟ್ರೇಲರ್ ಕಳಚಿ ಡಬ್ಬದ ಮೇಲೆ ಬೀಳುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿ: ಎರಡು ತಟ್ಟೆಗಳ ನಡುವೆ ಬೆಳಕಿನ ಗೆರೆ ಕಾಣಬಾರದು, ದವಡೆ ಗೂಟದ ಸುತ್ತ ಪೂರ್ತಿ ಮುಚ್ಚಿರಬೇಕು. ಆಮೇಲೆ ಟ್ರೇಲರಿನ ಬ್ರೇಕ್ ಮಾತ್ರ ಹಿಡಿದು, ಕಾಲುಗಳನ್ನು ಪೂರ್ತಿ ಎತ್ತುವ ಮೊದಲೇ ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಜಗ್ಗಿ ನೋಡಿ.