ತಂಪು ವೀರ್ಯ ತರಿಸಿ ಕುದುರೆಗೆ ಗಬ್ಬ ಕಟ್ಟಿಸುವುದು

ತರಿಸಿದ ವೀರ್ಯದಿಂದ ಗಬ್ಬ ನಿಲ್ಲುವುದಿಲ್ಲ ಎಂದು ಹಿಂಜರಿಯುವ ಕುದುರೆ ಸಾಕಣೆದಾರರು ಬಹಳ. ಖಂಡಿತ ನಿಲ್ಲುತ್ತದೆ, ಎಡವುವುದು ಹೆಚ್ಚಾಗಿ ಹೊತ್ತು ನೋಡುವುದರಲ್ಲಿ. ತಳಿಯ ನೋಂದಣಿ ನಿಯಮ ಮೊದಲು ಓದಿಕೊಳ್ಳಿ: ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಯ ಮರಿಗೆ ನೋಂದಣಿಯಿಲ್ಲ.

ಬೆದೆ 5ರಿಂದ 7 ದಿನ ಇರುತ್ತದೆ, ಅಂಡ ಬಿಡುಗಡೆಯಾಗುವುದು ಅದರ ಕೊನೆಯ ಒಂದೆರಡು ದಿನಗಳಲ್ಲಿ. ಬೆದೆ ಕಂಡ ಕೂಡಲೇ ವೀರ್ಯ ತರಿಸಿದರೆ, ಅಂಡ ಬರುವ ಹೊತ್ತಿಗೆ ಅದು ಸತ್ತಿರುತ್ತದೆ. ಆದ್ದರಿಂದ ದಿನವೂ ಸ್ಕ್ಯಾನ್ ಮಾಡಿಸಿ. ಅಂಡಾಶಯದ ಫಾಲಿಕಲ್ (ಅಂಡವಿರುವ ದ್ರವಚೀಲ) 35 ಮಿಮೀ ದಾಟಿ, ಗರ್ಭಕೋಶದ ಮಡಿಕೆಗಳು ಅಡ್ಡ ಕೊಯ್ದ ಕಿತ್ತಳೆಯಂತೆ ಊದಿ ಕಂಡಾಗ ಬೇಡಿಕೆ ಕಳಿಸಿ. ಪಶುವೈದ್ಯರು ಎಚ್‌ಸಿಜಿ (1500–2500 ಯೂನಿಟ್) ಅಥವಾ ಡೆಸ್ಲೊರೆಲಿನ್ ಎಂಬ, ಅಂಡ ಬಿಡಿಸುವ ಹಾರ್ಮೋನ್ ಚುಚ್ಚಿದ ಮೇಲೆ ಸುಮಾರು 36–42 ಗಂಟೆಗೆ ಅಂಡ ಬಿಡುಗಡೆಯಾಗುತ್ತದೆ. ಅದಕ್ಕೂ ಹಿಂದಿನ 24 ಗಂಟೆಯೊಳಗೆ ವೀರ್ಯ ಒಳಗಿರಬೇಕು. ವೀರ್ಯದ ತಂಪು ಡಬ್ಬಿ ಬರುವ ವೇಳೆ ನೋಡಿಕೊಂಡೇ ಇಂಜೆಕ್ಷನ್ ಕೊಡಿಸಿ. ಗಂಡು ಕುದುರೆಯಿಂದ ವೀರ್ಯ ತೆಗೆಯುವ ದಿನಗಳನ್ನೂ ಮುಂಚೆಯೇ ಕೇಳಿಟ್ಟುಕೊಳ್ಳಿ.

ಕಳಿಸುವವರು ವೀರ್ಯದಿಂದ ಅಂಟುದ್ರವ ಸೋಸಿ ತೆಗೆದು, ವೀರ್ಯಾಣುಗಳನ್ನು ಕಾಪಾಡುವ ಬೆಚ್ಚಗಿನ ಹಾಲುಪುಡಿ-ಗ್ಲೂಕೋಸ್ ದ್ರಾವಣ, ಅಂದರೆ ಎಕ್ಸ್‌ಟೆಂಡರ್ ಬೆರೆಸಿ, ಮಿಲಿಗೆ ಎರಡೂವರೆಯಿಂದ ಐದು ಕೋಟಿ ವೀರ್ಯಾಣುಗಳಿರುವಂತೆ ತೆಳುವಾಗಿಸಬೇಕು. ಒಂದು ಡೋಸ್‌ಗೆ ಮುಂದಕ್ಕೆ ಈಜುವ ವೀರ್ಯಾಣು ಸುಮಾರು 100 ಕೋಟಿ. ಚೀಲದಲ್ಲಿ ಗಾಳಿ ಉಳಿಯಬಾರದು. 5 ಡಿಗ್ರಿಗೆ ನಿಧಾನವಾಗಿ ಇಳಿಯಬೇಕು. 19ರಿಂದ 8 ಡಿಗ್ರಿಯ ನಡುವೆ ಅವಸರಪಟ್ಟರೆ ವೀರ್ಯಾಣುವಿನ ಪೊರೆ ಹಾಳಾಗುತ್ತದೆ.

ಡಬ್ಬಿ ಬಂದಾಗ ಕುದುರೆ ಸಿದ್ಧವಾಗುವವರೆಗೂ ತೆರೆಯಬೇಡಿ. ಬಾಲ ಸುತ್ತಿ ಕಟ್ಟಿ, ಯೋನಿದ್ವಾರವನ್ನು ಮೂರು ಬಾರಿ ತೊಳೆದು, ಪೂರ್ತಿ ಒರೆಸಿ. ನೀರು, ಸೋಪು, ಬಿಸಿಲು, ಮೂರೂ ವೀರ್ಯಕ್ಕೆ ವಿಷ. ರಬ್ಬರ್ ತುದಿಯ ಸಿರಿಂಜ್ ಕೂಡ ಹಾನಿಕರ. ಪೂರ್ತಿ ಪ್ಲಾಸ್ಟಿಕ್‌ನದೇ ಇರಲಿ. ತಂಪು ವೀರ್ಯವನ್ನು ಬೆಚ್ಚಗೆ ಮಾಡಬೇಡಿ, ಆ ಕೆಲಸ ಗರ್ಭಕೋಶವೇ ಮಾಡುತ್ತದೆ. ಚಲನೆ ನೋಡಲು ಒಂದು ಹನಿಯನ್ನಷ್ಟೇ 37 ಡಿಗ್ರಿಯ ಸ್ಲೈಡ್ ಮೇಲಿಟ್ಟು ಕೆಲ ನಿಮಿಷ ಕಾಯಿರಿ; ತಣ್ಣಗಿನ ಹನಿ ನೋಡಿ ‘ಸತ್ತಿದೆ’ ಎಂದು ಚೆಲ್ಲಿಬಿಡುವುದು ದೊಡ್ಡ ನಷ್ಟ. ಜಾರುಕವನ್ನು ಕೈಗವಸಿನ ಹಿಂಬದಿಗೆ ಮಾತ್ರ ಹಚ್ಚಿ, ಪೈಪೆಟ್ಟನ್ನು (ವೀರ್ಯ ಹಾಕುವ ಉದ್ದ ನಳಿಕೆ) ಗರ್ಭಕಂಠ ದಾಟಿಸಿ ನಿಧಾನವಾಗಿ ಸುರಿಯಿರಿ.

ಮರುದಿನ ಮತ್ತೆ ಸ್ಕ್ಯಾನ್. ಅಂಡ ಬಿಡುಗಡೆಯಾಗಿದೆಯೇ, ಗರ್ಭಕೋಶದಲ್ಲಿ ದ್ರವ ನಿಂತಿದೆಯೇ ನೋಡಬೇಕು. ದ್ರವದ ಆಳ 2 ಸೆಂಮೀಗಿಂತ ಹೆಚ್ಚಿದ್ದರೆ ವೈದ್ಯರು ಸಲೈನ್‌ನಿಂದ ತೊಳೆದು ಗರ್ಭಕೋಶ ಕುಗ್ಗಿಸಿ ದ್ರವ ಹೊರಹಾಕುವ ಆಕ್ಸಿಟೋಸಿನ್ ಕೊಡುತ್ತಾರೆ. ವಯಸ್ಸಾದ ಕುದುರೆಗಳಲ್ಲಿ ಇದು ಸಾಮಾನ್ಯ. ಅಂಡ ಬಿಡುಗಡೆಯಾದ ಮೇಲೆ 14–15ನೇ ದಿನದ ಸ್ಕ್ಯಾನ್ ತಪ್ಪಿಸಲೇಬೇಡಿ. ಅವಳಿ ಭ್ರೂಣಗಳಿದ್ದರೆ 16ನೇ ದಿನದೊಳಗೆ ಒಂದನ್ನು ಹಿಚುಕಿ ತೆಗೆಯುವುದು ಸುಲಭ. ಎರಡೂ ಒಂದೇ ಕಡೆ ನೆಲೆಯೂರಿದ ಮೇಲೆ ಬೇರ್ಪಡಿಸುವುದು ಕಷ್ಟ.