ಕೊಂಡ ವ್ಯಾಪಾರದಲ್ಲಿ ಮೋಸ ಕಂಡಾಗ ಹೆಜ್ಜೆ ಇಡುವುದು ಹೇಗೆ?

ಬೀಗದ ಕೈ ಕೈಸೇರಿದ ಕೆಲವೇ ವಾರಗಳಲ್ಲಿ ಲೆಕ್ಕ ತಾಳೆಯಾಗುವುದಿಲ್ಲ. ಪುಸ್ತಕದಲ್ಲಿ ಕಂಡ ವಹಿವಾಟು ಗಲ್ಲಾದಲ್ಲಿ ಕಾಣುವುದಿಲ್ಲ. ಇಲ್ಲವೇ ಇಲ್ಲ ಎಂದಿದ್ದ ಸಾಲದವರು ಬಾಗಿಲಿಗೆ ಬರುತ್ತಾರೆ. ಇಂಥ ಹೊತ್ತಿನಲ್ಲಿ ಕೆಲವರು ಮಾರಿದವನಿಗೆ ಫೋನ್ ಮಾಡಿ ಕೂಗಾಡುತ್ತಾರೆ, ಇನ್ನು ಕೆಲವರು ಹೇಗೋ ಸರಿಹೋದೀತು ಎಂದು ಸುಮ್ಮನೆ ಅಂಗಡಿ ತೆರೆದುಕೊಂಡು ಕೂರುತ್ತಾರೆ. ಕೂಗಾಡಿದರೆ ಎದುರಾಳಿ ಎಚ್ಚೆತ್ತುಕೊಳ್ಳುತ್ತಾನೆ. ಸುಮ್ಮನೆ ಕೂತರೆ ಅದಕ್ಕಿಂತ ಕೆಟ್ಟದ್ದು: ಕಾನೂನು ಕೊಟ್ಟಿರುವ ಹಕ್ಕೇ ಕೈಜಾರಬಹುದು.

ಮೊದಲು ದಾಖಲೆ, ಆಮೇಲೆ ಮಾತು

ಮಾರಿದವನಿಗೆ ಸುಳಿವು ಸಿಗುವ ಮೊದಲೇ ಕಂಪ್ಯೂಟರಿನ ಲೆಕ್ಕ, ಬಿಲ್ಲುಗಳು, ಬ್ಯಾಂಕ್ ವಿವರ, ವ್ಯವಹಾರದ ಇಮೇಲ್ ಎಲ್ಲದರ ಪ್ರತಿ ತೆಗೆದಿಡಿ. ಖಾತೆಗಳ ಪಾಸ್‌ವರ್ಡ್ ಇನ್ನೂ ಅವನ ಬಳಿ ಇದ್ದರೆ ಬದಲಿಸಿ. ಮಾರಾಟದ ಜಾಹೀರಾತು, ಮೊಬೈಲ್ ಸಂದೇಶಗಳು, ದಲ್ಲಾಳಿ ಕೊಟ್ಟ ಹಾಳೆ ಯಾವುದನ್ನೂ ಬಿಸಾಡಬೇಡಿ. ದಾಸ್ತಾನನ್ನು ಹೊರಗಿನ ಲೆಕ್ಕಪರಿಶೋಧಕರ ಎದುರಿನಲ್ಲಿ ಎಣಿಸಿ, ಸಹಿ ಹಾಕಿಸಿ. ಹಳೆಯ ಪುಸ್ತಕದಲ್ಲಿ ತಪ್ಪು ಕಂಡರೂ ತಿದ್ದಬಾರದು, ಆ ತಪ್ಪೇ ನಿಮ್ಮ ಸಾಕ್ಷ್ಯ.

ಹಳೆಯ ನೌಕರರಿಗೆ ಬಹಳಷ್ಟು ಗೊತ್ತಿರುತ್ತದೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ, ಏನು ಹೇಳಬೇಕೆಂದು ಹೇಳಿಕೊಡಲು ಹೋಗಬೇಡಿ.

ಸುಳ್ಳು ಯಾವುದು, ಬಡಾಯಿ ಯಾವುದು

ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಮಾರಿದವನು ಹೇಳಿದ್ದೇನು, ಯಾವಾಗ, ಯಾವ ರೂಪದಲ್ಲಿ, ನಿಜ ಏನು, ಅದಕ್ಕೆ ಆಧಾರ ಏನು, ಆ ಮಾತು ಇಲ್ಲದಿದ್ದರೆ ನೀವು ಕೊಳ್ಳುತ್ತಿದ್ದಿರಾ? ವಕೀಲರ ಬಳಿ ಹೋಗುವಾಗ ಈ ಹಾಳೆಗಿಂತ ಬೆಲೆಬಾಳುವುದು ಇನ್ನೊಂದಿಲ್ಲ. ‘ಬಂಗಾರದಂಥ ವ್ಯಾಪಾರ’ ಎಂಬುದು ಬಡಾಯಿ, ಅದನ್ನು ಹಿಡಿದು ದಾವೆ ಹೂಡಲಾಗದು. ‘ಕಳೆದ ವರ್ಷದ ಆದಾಯ ಇಷ್ಟು’ ಎಂಬುದು ಸಂಗತಿ, ಸುಳ್ಳಾದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಹೇಳಿದಾಗ ನಿಜವಾಗಿದ್ದ ಮಾತು ಆಮೇಲೆ ಸುಳ್ಳಾದರೆ? 1936ರಲ್ಲಿ ತೀರ್ಮಾನವಾದ ಇಂಗ್ಲೆಂಡಿನ ವಿತ್ ಮತ್ತು ಒಫ್ಲನಗನ್ ಪ್ರಕರಣದಲ್ಲಿ ವೈದ್ಯನೊಬ್ಬ ತನ್ನ ವೃತ್ತಿಯನ್ನು ಮಾರಾಟಕ್ಕಿಟ್ಟು, ಜನವರಿಯಲ್ಲಿ ನಿಜವಾದ ಆದಾಯವನ್ನೇ ತಿಳಿಸಿದ್ದ. ಮೇ ತಿಂಗಳಲ್ಲಿ ಸಹಿ ಬೀಳುವ ಹೊತ್ತಿಗೆ ಅವನ ಅನಾರೋಗ್ಯದಿಂದ ರೋಗಿಗಳು ಬರುವುದೇ ನಿಂತಂತಾಗಿತ್ತು. ಅದನ್ನು ಅವನು ಬಾಯಿಬಿಡಲಿಲ್ಲ. ನ್ಯಾಯಾಲಯ ಆ ಒಪ್ಪಂದವನ್ನು ರದ್ದುಮಾಡಿತು.

ಎದುರು ಪಕ್ಷದ ಮೆಚ್ಚಿನ ವಾದ ಒಂದಿದೆ: ‘ಪುಸ್ತಕ ಮುಂದೆಯೇ ಇತ್ತು, ನೀವೇ ನೋಡಬಹುದಿತ್ತಲ್ಲ?’ ಇಂಗ್ಲೆಂಡಿನದೇ ಆದ 1881ರ ರೆಡ್‌ಗ್ರೇವ್ ಮತ್ತು ಹರ್ಡ್ ಪ್ರಕರಣದಲ್ಲಿ ವಕೀಲನೊಬ್ಬನ ವೃತ್ತಿಯಲ್ಲಿ ಪಾಲು ಕೊಳ್ಳಲು ಬಂದವನು, ಕೈಗೆ ಸಿಕ್ಕ ಕಾಗದಗಳನ್ನು ಸರಿಯಾಗಿ ನೋಡಿರಲಿಲ್ಲ. ಆದರೂ ಗೆದ್ದ. ಸುಳ್ಳು ಹೇಳಿದವನು ‘ನನ್ನನ್ನು ನಂಬಿದ್ದು ನಿನ್ನ ತಪ್ಪು’ ಎನ್ನುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಆದರೆ ಎಲ್ಲ ದೇಶಗಳೂ ಇಷ್ಟು ಉದಾರವಲ್ಲ. ಭಾರತದ 1872ರ ಕರಾರು ಕಾಯಿದೆಯ 19ನೇ ಕಲಂ, ತಪ್ಪು ನಿರೂಪಣೆ (ಮೋಸದ ಉದ್ದೇಶವಿಲ್ಲದೆ ಹೇಳಿದ ತಪ್ಪು ಸಂಗತಿ) ಅಥವಾ ವಂಚನೆಯ ಮೌನದಿಂದ ಒಪ್ಪಿಗೆ ಪಡೆದಾಗ, ಸಾಮಾನ್ಯ ಎಚ್ಚರದಿಂದ ಸತ್ಯ ತಿಳಿಯುವ ದಾರಿ ಕೊಂಡವನಿಗಿದ್ದರೆ ಕರಾರನ್ನು ರದ್ದುಪಡಿಸಲು ಬಿಡುವುದಿಲ್ಲ. ಗೊತ್ತಿದ್ದೂ ಆಡಿದ ಸುಳ್ಳಿಗೆ ಈ ರಕ್ಷಣೆ ಸಿಗದು. ಆದ್ದರಿಂದ ಮಾರಿದವನಿಗೆ ಸತ್ಯ ಗೊತ್ತಿತ್ತು ಎಂದು ತೋರಿಸುವ ಒಂದೇ ಒಂದು ಚೀಟಿ ಸಿಕ್ಕರೂ ಪ್ರಕರಣದ ದಿಕ್ಕು ಬದಲಾಗುತ್ತದೆ.

ಕರಾರು ಪತ್ರವನ್ನು ಮತ್ತೆ ಓದಿ

ಹುಡುಕಬೇಕಾದವು: ಮಾರಿದವನು ಕೊಟ್ಟ ಭರವಸೆಗಳು, ತಕರಾರು ತಿಳಿಸಲು ಇರುವ ಗಡುವು, ಪರಿಹಾರದ ಮೇಲಿನ ಮಿತಿ, ವಿವಾದ ನ್ಯಾಯಾಲಯಕ್ಕೋ ಇಬ್ಬರೂ ಒಪ್ಪಿದ ಮಧ್ಯಸ್ಥಗಾರರಿಗೋ ಎಂಬ ಷರತ್ತು. ಗಡುವು ಮೀರಿದ ನೋಟಿಸಿನಿಂದ ಒಳ್ಳೆಯ ಪ್ರಕರಣವೂ ಸಾಯುತ್ತದೆ. ‘ಈ ಪತ್ರದ ಹೊರಗಿನ ಯಾವ ಮಾತಿಗೂ ನಾನು ಹೊಣೆಯಲ್ಲ’ ಎಂಬ ಸಾಲು ಕಂಡರೆ ಎದೆಗುಂದಬೇಡಿ. ತನ್ನದೇ ವಂಚನೆಗೆ ಇಂಥ ಸಾಲನ್ನು ಗುರಾಣಿ ಮಾಡಿಕೊಳ್ಳಲು ನ್ಯಾಯಾಲಯಗಳು ಸಾಮಾನ್ಯವಾಗಿ ಬಿಡುವುದಿಲ್ಲ.

ಕೊಂಡದ್ದು ಕಂಪನಿಯ ಷೇರುಗಳನ್ನೋ ಬರೀ ಆಸ್ತಿ-ಸರಕನ್ನೋ ಎಂಬುದನ್ನೂ ನೋಡಿ. ಷೇರು ಕೊಂಡಿದ್ದರೆ ಕಂಪನಿಯ ಹಳೆಯ ಸಾಲ ಕಂಪನಿಯ ಜೊತೆಗೇ ಬಂದಿರುತ್ತದೆ. ಆಸ್ತಿ ಮಾತ್ರ ಕೊಂಡಿದ್ದರೆ ಸಾಲ ಸಾಮಾನ್ಯವಾಗಿ ಹಳಬನದೇ, ಆದರೆ ತೆರಿಗೆ ಬಾಕಿ ಮತ್ತು ನೌಕರರ ಬಾಕಿಗೆ ಹಲವೆಡೆ ಬೇರೆ ನಿಯಮವಿದೆ. ಭಾರತದ ಜಿಎಸ್‌ಟಿ ಕಾಯಿದೆಯೂ ವರ್ಗಾವಣೆಗೆ ಮುಂಚಿನ ತೆರಿಗೆ ಬಾಕಿಗೆ ಕೊಂಡವನನ್ನೂ ಹೊಣೆಯಾಗಿಸುತ್ತದೆ.

ಹಿಂದಿರುಗಿಸುವುದೋ, ಇಟ್ಟುಕೊಳ್ಳುವುದೋ

ನನ್ನ ಮಟ್ಟಿಗೆ ಇಡೀ ವಿವಾದದ ನಡುಬಿಂದು ಇದು. ದಾರಿ ಎರಡು. ಒಪ್ಪಂದ ರದ್ದುಮಾಡಿ, ವ್ಯಾಪಾರ ಹಿಂದಿರುಗಿಸಿ, ಹಣ ಕೇಳುವುದು ಒಂದು. ವ್ಯಾಪಾರ ಇಟ್ಟುಕೊಂಡು ನಷ್ಟಕ್ಕೆ ಪರಿಹಾರ ಕೇಳುವುದು ಇನ್ನೊಂದು. ರದ್ದತಿ ಬೇಕಾದವರಿಗೆ ಸಮಯವೇ ಶತ್ರು. ಮೋಸ ತಿಳಿದ ಮೇಲೂ ಹೆಸರು ಬದಲಿಸಿ, ಒಳಾಂಗಣ ಒಡೆದು ಕಟ್ಟಿ, ಹೊಸ ಸಾಲ ಎತ್ತಿದರೆ, ‘ತಿಳಿದೇ ಒಪ್ಪಿಕೊಂಡಿದ್ದಾರೆ’ ಎಂದು ಎದುರಿನವರು ಹೇಳುತ್ತಾರೆ, ನ್ಯಾಯಾಧೀಶರೂ ತಲೆಯಾಡಿಸಬಹುದು. ನಿರ್ಧಾರಕ್ಕೆ ಸ್ವಲ್ಪ ಕಾಲ ಬೇಕೆನಿಸಿದರೆ, ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಿಕೊಂಡು, ನಷ್ಟ ಹೆಚ್ಚದಂತೆ ಮಾತ್ರ ವ್ಯಾಪಾರ ನಡೆಸುತ್ತಿದ್ದೇವೆ ಎಂದು ವಕೀಲರ ಮೂಲಕ ಕೂಡಲೇ ಪತ್ರ ಕಳುಹಿಸಿ. ಆ ಪತ್ರಕ್ಕೂ ಆಯಸ್ಸು ಕಡಿಮೆ.

ನಷ್ಟ ಎಷ್ಟು ಕೇಳಬಹುದು? ಇಂಗ್ಲೆಂಡಿನ 1969ರ ಡಾಯ್ಲ್ ಮತ್ತು ಓಲ್ಬಿ ಪ್ರಕರಣದಲ್ಲಿ ಕಬ್ಬಿಣ ಸಾಮಾನಿನ ಅಂಗಡಿಯೊಂದನ್ನು ‘ವ್ಯಾಪಾರವೆಲ್ಲ ಅಂಗಡಿಯಲ್ಲೇ ನಡೆಯುವುದು’ ಎಂದು ಮಾರಿದ್ದರು. ಅರ್ಧದಷ್ಟು ವ್ಯಾಪಾರ ಬರುತ್ತಿದ್ದುದು ಊರೂರು ತಿರುಗುವ ಪ್ರತಿನಿಧಿಯಿಂದ. ಮೇಲ್ಮನವಿಯಲ್ಲಿ ಪರಿಹಾರ 1,500 ಪೌಂಡ್‌ನಿಂದ 5,500ಕ್ಕೆ ಏರಿತು: ವಂಚನೆಯಿಂದ ನೇರವಾಗಿ ಆದ ನಷ್ಟವೆಲ್ಲ, ಮೊದಲೇ ಊಹಿಸಲಾಗದಿದ್ದರೂ, ವಂಚಕನ ಮೇಲೆಯೇ. 1991ರ ಈಸ್ಟ್ ಮತ್ತು ಮೌರರ್ ಪ್ರಕರಣದ ಕಥೆ ಇನ್ನೂ ಪರಿಚಿತವೆನಿಸುತ್ತದೆ. ಕೇಶಾಲಂಕಾರದ ಎರಡು ಸಲೂನುಗಳಲ್ಲಿ ಒಂದನ್ನು ಮಾರಿದವನು, ಇನ್ನೊಂದರಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ ಎಂದು ಹೇಳಿ, ಅಲ್ಲಿಯೇ ಕೂತು ಹಳೆಯ ಗಿರಾಕಿಗಳನ್ನು ಸೆಳೆದುಕೊಂಡ. ನ್ಯಾಯಾಲಯ ಕೈತಪ್ಪಿದ ಲಾಭವನ್ನೂ ಕೊಟ್ಟಿತು, ಆದರೆ ಅವನು ತೋರಿಸಿದ ಕನಸಿನ ಲಾಭವನ್ನಲ್ಲ. ಅದೇ ಹಣದಲ್ಲಿ ಅಂಥದೇ ಬೇರೆ ವ್ಯಾಪಾರ ಕೊಂಡಿದ್ದರೆ ಬರಬಹುದಾಗಿದ್ದ ಲಾಭವನ್ನು. ನಿಮ್ಮ ಲೆಕ್ಕಪರಿಶೋಧಕರಿಗೆ ಮೊದಲೇ ಈ ವ್ಯತ್ಯಾಸ ತಿಳಿಸಿ.

ಮಾರಿದವನು ಪಕ್ಕದಲ್ಲೇ ಅಂಗಡಿ ತೆರೆದಿದ್ದರೆ ನಷ್ಟದ ದಾವೆಗೆ ಕಾಯಬೇಡಿ. ಪೈಪೋಟಿ ಮಾಡುವುದಿಲ್ಲ ಎಂಬ ಷರತ್ತು ಪತ್ರದಲ್ಲಿದ್ದರೆ ಮೊದಲು ತಡೆಯಾಜ್ಞೆಗೆ ಅರ್ಜಿ ಹಾಕಿ. ಗಿರಾಕಿಗಳೆಲ್ಲ ಹೋದ ಮೇಲೆ ಆಜ್ಞೆ ಬಂದರೆ ಅದರಿಂದ ಏನೂ ಸಿಗದು.

ನೋಟಿಸು, ಕಂತು, ಪೊಲೀಸ್ ದೂರು

ಬೆಲೆಯ ಕಂತು ಬಾಕಿಯಿದ್ದರೆ ಅದೇ ನಿಮ್ಮ ದೊಡ್ಡ ಬಲ. ಆದರೆ ಏಕಾಏಕಿ ನಿಲ್ಲಿಸಿದರೆ ಕರಾರು ಮುರಿದವರು ನೀವೇ ಎಂದಾಗಬಹುದು. ನಷ್ಟವನ್ನು ಕಂತಿನಲ್ಲಿ ಮುರಿದುಕೊಳ್ಳಲು ಪತ್ರ ಬಿಡುತ್ತದೆಯೇ ಎಂದು ಮೊದಲು ನೋಡಿ. ಪೊಲೀಸ್ ದೂರು ವಂಚನೆ ಸ್ಪಷ್ಟವಿದ್ದಾಗ ಕೊಡಬೇಕಾದದ್ದೇ, ಆದರೆ ಅದು ವಸೂಲಿಯ ಸಾಧನವಲ್ಲ. ‘ಹಣ ಕೊಡದಿದ್ದರೆ ದೂರು ಕೊಡುತ್ತೇನೆ’ ಎಂದು ಬರೆದುಕೊಟ್ಟ ಸಂದೇಶ ನಾಳೆ ನಿಮ್ಮ ವಿರುದ್ಧವೇ ಬರಬಹುದು.

ದಾವೆ ಹೂಡುವ ಮೊದಲು ಕೊನೆಯದಾಗಿ ಒಂದು ಪ್ರಶ್ನೆ: ಗೆದ್ದರೆ ವಸೂಲಾಗುವುದು ಯಾವುದರಿಂದ? ಮಾರಿದವನ ಹೆಸರಿನಲ್ಲಿ ಆಸ್ತಿ ಇದೆಯೇ, ಇಲ್ಲವೇ ಈಗಾಗಲೇ ಕೈಬದಲಾಗುತ್ತಿದೆಯೇ? ಹಾಗೆ ಆಗುತ್ತಿರುವುದಕ್ಕೆ ಪುರಾವೆ ಇದ್ದರೆ ತೀರ್ಪಿಗೆ ಮೊದಲೇ ಆಸ್ತಿ ಜಪ್ತಿಗೆ ಕೇಳಲು ಅವಕಾಶವಿದೆ. ಅವನು ಬರಿಗೈ ಎಂದು ತಿಳಿದುಬಂದರೆ, ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದ ಲೆಕ್ಕಪರಿಶೋಧಕ, ಗೊತ್ತಿದ್ದೂ ಅದನ್ನು ಮುಂದಿಟ್ಟ ದಲ್ಲಾಳಿ ಇವರ ಹೊಣೆಯನ್ನು ವಕೀಲರ ಜೊತೆ ಚರ್ಚಿಸಿ. ಅದೂ ದಕ್ಕದಿದ್ದರೆ, ಸಂಧಾನದಲ್ಲಿ ಬೆಲೆಯ ಒಂದು ಭಾಗ ಕೈಗೆ ಬಂದರೂ ತೆಗೆದುಕೊಂಡು ಲಿಖಿತ ರಾಜಿಗೆ ಸಹಿ ಹಾಕುವುದೇ ಲೇಸು.