17 ಗೆಲುವು, 14 ಸೋಲು, ಆದರೂ ಕೊನೆಯ ನಾಲ್ಕರಲ್ಲಿ: ರಾಲಿಗೆ ಬಂದ ಕನ್ನಡಿಗರಿಗೆ ಕಾಲೇಜು ಬ್ಯಾಸ್ಕೆಟ್‌ಬಾಲ್

ಅಮೆರಿಕದ ರಾಲಿ, ಕ್ಯಾರಿ, ಮಾರಿಸ್ವಿಲ್ ಕಡೆ ಕೆಲಸಕ್ಕೋ ಓದಿಗೋ ಬಂದವರಿಗೆ ಮೊದಲ ಮಾರ್ಚ್ ಸ್ವಲ್ಪ ವಿಚಿತ್ರ ಅನಿಸುತ್ತದೆ. ಆಫೀಸಿನಲ್ಲಿ ಮೀಟಿಂಗ್ ಶುರುವಾಗುವ ಮುಂಚೆ ಎಲ್ಲರೂ ಸೀಡ್, ಬ್ರ್ಯಾಕೆಟ್ ಅಂತ ಮಾತಾಡುತ್ತಿರುತ್ತಾರೆ, ಗುರುವಾರ ಮಧ್ಯಾಹ್ನ ಅರ್ಧ ಜನ ಟಿವಿ ಮುಂದೆ ಇರುತ್ತಾರೆ. ಅದೂ ಕಾಲೇಜು ಹುಡುಗರ ಆಟಕ್ಕೆ! ನಮ್ಮ ಊರಲ್ಲಿ ಅಂತರ ಕಾಲೇಜು ಪಂದ್ಯ ಅಂದರೆ ನೋಡುವುದಕ್ಕೆ ಪಿ.ಟಿ. ಮೇಷ್ಟ್ರು, ಆಡುವವರ ನಾಲ್ಕು ಗೆಳೆಯರು, ಅಷ್ಟೇ ಅಲ್ವಾ. ಇಲ್ಲಿ ಹಾಗಲ್ಲ. ನಾರ್ತ್ ಕ್ಯಾರೊಲಿನಾದ ಈ ಭಾಗದಲ್ಲಿ ವೃತ್ತಿಪರ ಲೀಗ್ ಆದ ಎನ್‌ಬಿಎಯ ತಂಡ ಇಲ್ಲ, ಅದು ಇರುವುದು ಶಾರ್ಲೆಟ್‌ನಲ್ಲಿ. ಇಲ್ಲಿನವರಿಗೆ ಎನ್‌ಸಿ ಸ್ಟೇಟ್ (ನಾರ್ತ್ ಕ್ಯಾರೊಲಿನಾ ಸ್ಟೇಟ್), ಡ್ಯೂಕ್, ಯುಎನ್‌ಸಿ (ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲಿನಾ), ಈ ಮೂರು ಕಾಲೇಜುಗಳೇ ಮನೆ ತಂಡ. ಮೂರೂ ಅರ್ಧ ಮುಕ್ಕಾಲು ಗಂಟೆಯ ದಾರಿಯೊಳಗೆ ಇವೆ.

ಇದು ಹೇಗೆ ನಡೆಯುತ್ತದೆ ಅಂತ ನಿಯಮ ಓದಿ ತಿಳಿಯುವುದು ಕಷ್ಟ. ಒಂದು ಸೀಸನ್ ಹಿಡಿದು ನೋಡಿದರೆ ಸುಲಭ. ಎನ್‌ಸಿ ಸ್ಟೇಟ್ ಪುರುಷರ ತಂಡದ 2023-24ರ ಸೀಸನ್ ತೆಗೆದುಕೊಳ್ಳೋಣ.

ಸೀಸನ್ ನವೆಂಬರ್‌ನಲ್ಲಿ ಶುರುವಾಗುತ್ತದೆ, ಏಪ್ರಿಲ್ ಆರಂಭದಲ್ಲಿ ಮುಗಿಯುತ್ತದೆ. ಮೊದಲ ಒಂದೂವರೆ ತಿಂಗಳು ಬೇರೆ ಬೇರೆ ಕಡೆಯ ಕಾಲೇಜುಗಳ ಜೊತೆ ಆಟ. ಆಮೇಲೆ ಕಾನ್ಫರೆನ್ಸ್ ಪಂದ್ಯಗಳು. ಕಾನ್ಫರೆನ್ಸ್ ಅಂದರೆ ಕೆಲವು ಕಾಲೇಜುಗಳು ಸೇರಿ ಮಾಡಿಕೊಂಡ ಗುಂಪು, ಇಲ್ಲಿನ ಮೂರೂ ತಂಡಗಳು ಎಸಿಸಿ ಅನ್ನುವ ಗುಂಪಿನಲ್ಲಿವೆ. ಆ ವರ್ಷ ಎಸಿಸಿಯಲ್ಲಿ 15 ಕಾಲೇಜುಗಳಿದ್ದವು, ಒಂದೊಂದು ತಂಡಕ್ಕೆ 20 ಕಾನ್ಫರೆನ್ಸ್ ಪಂದ್ಯ. ಪೇಪರಿನಲ್ಲಿ ತಂಡದ ಹೆಸರಿನ ಪಕ್ಕ 17-14 ಅಂತ ಇದ್ದರೆ ಅದು ಸ್ಕೋರ್ ಅಲ್ಲ, 17 ಗೆಲುವು 14 ಸೋಲು ಅಂತ ಅರ್ಥ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಡ್ರಾ ಇಲ್ಲ, ಸಮ ಆದರೆ 5 ನಿಮಿಷ ಓವರ್‌ಟೈಮ್.

ಎನ್‌ಸಿ ಸ್ಟೇಟ್ ಮಾರ್ಚ್ ಮೊದಲ ವಾರದ ಹೊತ್ತಿಗೆ ಇದ್ದದ್ದು ಸರಿಯಾಗಿ ಅದೇ 17-14ರಲ್ಲಿ. ಕೊನೆಯ ನಾಲ್ಕು ಪಂದ್ಯ ಸಾಲಾಗಿ ಸೋತಿತ್ತು. 15ರಲ್ಲಿ 10ನೇ ಸ್ಥಾನ. ಕೋಚ್ ಕೆವಿನ್ ಕೀಟ್ಸ್ ಕೆಲಸ ಉಳಿಯುತ್ತದಾ ಅಂತ ಊರೆಲ್ಲ ಮಾತು.

ಈಗ ಮುಖ್ಯವಾದ ವಿಷಯ. ದೇಶದ ಟೂರ್ನಿಗೆ, ಅಂದರೆ ಎಲ್ಲರೂ ಮಾರ್ಚ್ ಮ್ಯಾಡ್‌ನೆಸ್ ಅನ್ನುವುದಕ್ಕೆ, 68 ತಂಡ ಹೋಗುತ್ತವೆ. ಹೋಗುವುದಕ್ಕೆ ಎರಡೇ ದಾರಿ. ಒಂದು, ಸೀಸನ್ ಪೂರ್ತಿ ಚೆನ್ನಾಗಿ ಆಡಿ ಆಯ್ಕೆ ಸಮಿತಿಯ ಕಣ್ಣಿಗೆ ಬೀಳುವುದು, ಆ ವರ್ಷ ಹಾಗೆ 36 ಸ್ಥಾನ ಇದ್ದವು. ಎರಡನೆಯದು, ಮಾರ್ಚ್‌ನಲ್ಲಿ ನಡೆಯುವ ನಿಮ್ಮ ಕಾನ್ಫರೆನ್ಸಿನ ಟೂರ್ನಿ ಗೆಲ್ಲುವುದು. ಅದನ್ನು ಗೆದ್ದರೆ ಸಮಿತಿಯನ್ನು ಕೇಳುವ ಹಾಗೇ ಇಲ್ಲ, ನೇರ ಪ್ರವೇಶ. ಹಾಗೆ 32 ತಂಡ ಬಂದವು. ನಾಲ್ಕು ತಿಂಗಳು ಎಷ್ಟೇ ಸೋತಿರಿ, ಎಸಿಸಿಯಲ್ಲಿ ಆಗ ಈ ಒಂದು ಬಾಗಿಲು ತೆರೆದೇ ಇರುತ್ತಿತ್ತು. ಇದೊಂದು ಅರ್ಥ ಆದರೆ ಇಲ್ಲಿನ ಜನ ಸೋಲುವ ತಂಡದ ಪಂದ್ಯವನ್ನೂ ಫೆಬ್ರವರಿ ಚಳಿಯಲ್ಲಿ ಹೋಗಿ ಯಾಕೆ ನೋಡುತ್ತಾರೆ ಅನ್ನುವುದೂ ಅರ್ಥ ಆಗುತ್ತದೆ.

ಆದರೆ ಹಿಂದೆ ಬಿದ್ದ ತಂಡಕ್ಕೆ ಈ ದಾರಿ ಉದ್ದ. ಮೇಲಿನ ನಾಲ್ಕು ತಂಡ ಮೊದಲ ಸುತ್ತುಗಳನ್ನು ಆಡದೆ ಗುರುವಾರ ಬಂದು ಇಳಿಯುತ್ತವೆ. 10ನೇ ಸ್ಥಾನದವರು ಮಂಗಳವಾರವೇ ಶುರು ಮಾಡಬೇಕು, ದಿನಕ್ಕೊಂದರಂತೆ ಐದು ದಿನ ಐದು ಪಂದ್ಯ ಗೆಲ್ಲಬೇಕು. ಎಸಿಸಿಯಲ್ಲಿ ಅದುವರೆಗೆ ಯಾರೂ ಹಾಗೆ ಗೆದ್ದಿರಲಿಲ್ಲ. ಆ ವರ್ಷ ವಾಷಿಂಗ್ಟನ್‌ನಲ್ಲಿ ಎನ್‌ಸಿ ಸ್ಟೇಟ್‌ನವರು ಮಂಗಳವಾರ ಲೂಯಿವಿಲ್, ಬುಧವಾರ ಸಿರಕ್ಯೂಸ್, ಗುರುವಾರ ಡ್ಯೂಕ್, ಎಲ್ಲರನ್ನೂ ಸೋಲಿಸಿಬಿಟ್ಟರು. ತಂಡದ ಮೊಹಮದ್ ಡಿಯಾರಾ ರಂಜಾನ್ ಉಪವಾಸ ಹಿಡಿದುಕೊಂಡೇ ಆಡುತ್ತಿದ್ದ. ಅದು ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಶುಕ್ರವಾರ ವರ್ಜೀನಿಯಾ ಜೊತೆಗಿನ ಸೆಮಿಫೈನಲ್‌ನಲ್ಲಿ ನೀವು ತಿಳಿದಿರಬೇಕಾದ ಒಂದು ನಿಯಮ ಇದೆ. ಕಾಲೇಜು ಪುರುಷರ ಆಟ 20 ನಿಮಿಷದ ಎರಡು ಭಾಗ. ಒಂದು ಭಾಗದಲ್ಲಿ ಎದುರು ತಂಡ 7ನೇ ಫೌಲ್ ಮಾಡಿದ ಮೇಲೆ ನಿಮಗೆ ಫ್ರೀ ಥ್ರೋ (ಯಾರೂ ಅಡ್ಡ ಬರದೆ ಬುಟ್ಟಿಗೆ ಎಸೆಯುವ ಅವಕಾಶ, ಬಿದ್ದರೆ ಒಂದು ಪಾಯಿಂಟ್) ಸಿಗುತ್ತದೆ, ಆದರೆ ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು. ಇದಕ್ಕೆ ಒನ್ ಆಂಡ್ ಒನ್ ಅನ್ನುತ್ತಾರೆ. 10ನೇ ಫೌಲಿನಿಂದ ಎರಡೂ ಗ್ಯಾರಂಟಿ. ಎನ್‌ಬಿಎಯಲ್ಲಿ ಈ ನಿಯಮ ಇಲ್ಲ, ಅದಕ್ಕೇ ಹೊಸಬರಿಗೆ ಗೊಂದಲ. ಅವತ್ತು ವರ್ಜೀನಿಯಾ 3 ಪಾಯಿಂಟ್ ಮುಂದೆ, ಉಳಿದದ್ದು ಸುಮಾರು 5 ಸೆಕೆಂಡ್, ಫ್ರೀ ಥ್ರೋ ಅವರದೇ. ಒಂದು ಹಾಕಿದ್ದರೆ ಕತೆ ಮುಗಿಯುತ್ತಿತ್ತು. ಮೊದಲನೆಯದೇ ತಪ್ಪಿತು, ಎರಡನೆಯದು ಸಿಗಲೇ ಇಲ್ಲ. ಚೆಂಡು ಹಿಡಿದು ಓಡಿದ ಮೈಕಲ್ ಓಕಾನೆಲ್ ಮೂರು ಪಾಯಿಂಟ್ ಗೆರೆಯ ಆಚೆಯಿಂದ ಎಸೆದ, ಹಲಗೆಗೆ ಬಡಿದು ಬುಟ್ಟಿಗೆ ಬಿತ್ತು. ಓವರ್‌ಟೈಮ್‌ನಲ್ಲಿ ಗೆಲುವು. ಶನಿವಾರ ಫೈನಲ್‌ನಲ್ಲಿ, ಆ ವರ್ಷ ಎಸಿಸಿಯಲ್ಲಿ ಅಗ್ರಸ್ಥಾನದಲ್ಲಿದ್ದ ಯುಎನ್‌ಸಿಯನ್ನು 84-76ರಲ್ಲಿ ಸೋಲಿಸಿ 1987ರ ನಂತರದ ಮೊದಲ ಎಸಿಸಿ ಕಪ್.

ನಮ್ಮ ಕಡೆಯವರಿಗೆ ಇದನ್ನು ಹೇಳುವುದಕ್ಕೆ ಆರ್‌ಸಿಬಿಯೇ ಸುಲಭ. ಅದೇ 2024ರಲ್ಲಿ, ಎರಡು ತಿಂಗಳ ನಂತರ, ಮೊದಲ 8ರಲ್ಲಿ 7 ಸೋತ ಆರ್‌ಸಿಬಿ ಸಾಲಾಗಿ 6 ಗೆದ್ದು ಪ್ಲೇ ಆಫ್‌ಗೆ ಹೋಯಿತಲ್ಲ, ಆ ಥರದ ಓಟ. ಆದರೆ ಒಂದು ವ್ಯತ್ಯಾಸ. ಐಪಿಎಲ್‌ನಲ್ಲಿ ಮೊದಲೆರಡು ತಂಡಕ್ಕೆ ಸೋತರೂ ಇನ್ನೊಂದು ಅವಕಾಶ ಇದೆ. ಇಲ್ಲಿ ಯಾರಿಗೂ ಇಲ್ಲ, ಒಂದು ಸೋತರೆ ಮನೆಗೆ.

ಕಾನ್ಫರೆನ್ಸ್ ಟೂರ್ನಿಗಳು ಮುಗಿಯುವ ಭಾನುವಾರ ಸಂಜೆ 68 ತಂಡಗಳ ಪಟ್ಟಿ ಟಿವಿಯಲ್ಲಿ ಬರುತ್ತದೆ. ನಾಲ್ಕು ವಲಯ, ಒಂದೊಂದರಲ್ಲಿ 1ರಿಂದ 16ರವರೆಗೆ ಸೀಡ್. 1 ಅಂದರೆ ಬಲಿಷ್ಠ, ಅವರಿಗೆ ಮೊದಲ ಎದುರಾಳಿ 16. ಮಂಗಳವಾರ ಬುಧವಾರ ಓಹಾಯೋದ ಡೇಟನ್‌ನಲ್ಲಿ ನಾಲ್ಕು ಪಂದ್ಯ ಆಡಿಸಿ 64ಕ್ಕೆ ಇಳಿಸುತ್ತಾರೆ. ಆಫೀಸಿನಲ್ಲಿ ತುಂಬಿಸುವ ಬ್ರ್ಯಾಕೆಟ್ ಅಂದರೆ ಉಳಿದ 63 ಪಂದ್ಯ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಬರೆದಿಡುವುದು. ಗುರುವಾರ ಮಧ್ಯಾಹ್ನ ಮೊದಲ ಪಂದ್ಯ ಶುರುವಾಗುವ ಮುಂಚೆ ಕೊಟ್ಟುಬಿಡಿ. ಆಟ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಸಹೋದ್ಯೋಗಿಗಳ ಜೊತೆ ಮಾತು ಬೆಳೆಯಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ, ಕೆಲಸದ ಮಾತು ಬಿಟ್ಟು ಮನುಷ್ಯರ ಹಾಗೆ ಮಾತಾಡುತ್ತಾರೆ.

ಎನ್‌ಸಿ ಸ್ಟೇಟ್‌ಗೆ 11ನೇ ಸೀಡ್ ಸಿಕ್ಕಿತು. ಟೆಕ್ಸಸ್ ಟೆಕ್, ಓಕ್ಲಂಡ್, ಮಾರ್ಕೆಟ್ (Marquette), ಆಮೇಲೆ ಮತ್ತೆ ಡ್ಯೂಕ್, ನಾಲ್ಕನ್ನೂ ಗೆದ್ದರು. ಡ್ಯೂಕ್ ಮೇಲೆ ಡಿ.ಜೆ. ಬರ್ನ್ಸ್ 29 ಪಾಯಿಂಟ್ ಹೊಡೆದ. ದೊಡ್ಡ ಮೈಕಟ್ಟು, ಮೆತ್ತನೆ ಕೈ, ಮುಖದಲ್ಲಿ ಯಾವಾಗಲೂ ನಗು. 1983ರ ನಂತರ ಮೊದಲ ಸಲ ಫೈನಲ್ ಫೋರ್, ಅಂದರೆ ಟೂರ್ನಿಯಲ್ಲಿ ಉಳಿಯುವ ಕೊನೆಯ ನಾಲ್ಕು ತಂಡಗಳಲ್ಲಿ ಜಾಗ. ಅದೇ ವರ್ಷ ಹೆಣ್ಣುಮಕ್ಕಳ ತಂಡವೂ ಫೈನಲ್ ಫೋರ್ ತಲುಪಿತ್ತು, ಅದನ್ನು ಜನ ಬೇಗ ಮರೆಯುತ್ತಾರೆ, ಮರೆಯಬಾರದು. ಪುರುಷರು ಅರಿಜೋನಾದಲ್ಲಿ ಪರ್ಡ್ಯೂಗೆ 63-50ರಲ್ಲಿ ಸೋತರು.

ಮುಂದಿನ ವರ್ಷ ಅದೇ ತಂಡ ಇರುತ್ತದೆ ಅಂದುಕೊಳ್ಳಬೇಡಿ. ಬರ್ನ್ಸ್, ಡಿ.ಜೆ. ಹಾರ್ನ್, ಓಕಾನೆಲ್, ಡಿಯಾರಾ ಎಲ್ಲರೂ ಬೇರೆ ಕಾಲೇಜಿನಿಂದ ಬಂದವರೇ. ಟ್ರಾನ್ಸ್‌ಫರ್ ಪೋರ್ಟಲ್ ಅನ್ನುವ ವ್ಯವಸ್ಥೆಯಿಂದ ಆಟಗಾರರು ಕಾಲೇಜು ಬದಲಿಸುವುದು ಈಗ ಸುಲಭ. 2021ರ ಜುಲೈನಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಮಾಡಬಹುದು, 2025ರಿಂದ ಕಾಲೇಜೇ ನೇರವಾಗಿ ಹಣ ಕೊಡಬಹುದು. ಮಕ್ಕಳು ದುಡಿದದ್ದು ಮಕ್ಕಳಿಗೆ ಸಿಗಲಿ, ಸರಿಯೇ. ಆದರೆ ಒಬ್ಬನ ಹೆಸರು ಬಾಯಿಗೆ ರೂಢಿಯಾಗುವ ಹೊತ್ತಿಗೆ ಅವನು ಬೇರೆ ಊರು ಸೇರಿರುತ್ತಾನೆ, ಅದು ಬೇಜಾರು.

2024-25ರಲ್ಲಿ ಎಸಿಸಿಗೆ ಮೂರು ಕಾಲೇಜು ಸೇರಿ 18 ಆದವು, ಕಾನ್ಫರೆನ್ಸ್ ಟೂರ್ನಿಗೆ 15ಕ್ಕೆ ಮಾತ್ರ ಜಾಗ. ಎನ್‌ಸಿ ಸ್ಟೇಟ್ 12-19. ಹಿಂದಿನ ವರ್ಷ ಕಪ್ ತಂದ ತಂಡ ಈ ಸಲ ಟೂರ್ನಿಗೇ ಹೋಗಲಿಲ್ಲ, ಕೀಟ್ಸ್ ಅವರನ್ನು ಕೆಲಸದಿಂದ ತೆಗೆದರು. ಎಲ್ಲರಿಗೂ ತೆರೆದಿರುತ್ತಿದ್ದ ಬಾಗಿಲು ಈಗ ಕೊನೆಯ ಮೂವರಿಗೆ ಮುಚ್ಚಿದೆ, ನನಗೆ ಇದು ಇಷ್ಟವಿಲ್ಲ.

ಹೋಗಿ ನೋಡುವುದಾದರೆ ಮಾರ್ಚ್‌ಗೆ ಕಾಯಬೇಡಿ. ನವೆಂಬರ್, ಡಿಸೆಂಬರ್‌ನ ಸಣ್ಣ ತಂಡಗಳ ಜೊತೆಗಿನ ಪಂದ್ಯಕ್ಕೆ ಟಿಕೆಟ್ ಅಗ್ಗ, ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಪುರುಷರ ಪಂದ್ಯ ಲೆನೊವೊ ಸೆಂಟರ್‌ನಲ್ಲಿ, ಹೆಣ್ಣುಮಕ್ಕಳದು ಕ್ಯಾಂಪಸ್ಸಿನ ಹಳೆಯ ರೆನಾಲ್ಡ್ಸ್ ಕೊಲಿಸಿಯಂನಲ್ಲಿ, ಅಲ್ಲಿ ಕೂತರೆ ಆಟ ಕೈಗೆ ಸಿಗುವಷ್ಟು ಹತ್ತಿರ. ಎಂಎಸ್ ಓದಲು ಬಂದವರೇ, ವಿದ್ಯಾರ್ಥಿಗಳಿಗೆಂದೇ ಇಟ್ಟ ಸೀಟು ನಿಮ್ಮದೂ ಹೌದು. ಲ್ಯಾಬಿನಲ್ಲೇ ಎರಡು ವರ್ಷ ಕಳೆಯಬೇಡಿ. ದೊಡ್ಡ ಗೆಲುವಿನ ರಾತ್ರಿ ಹಿಲ್ಸ್‌ಬರೋ ಸ್ಟ್ರೀಟಿನ ಬೆಲ್ ಟವರ್ ಕೆಂಪು ಬೆಳಕಿನಲ್ಲಿ ನಿಂತಿರುತ್ತದೆ, ಅದರ ಸುತ್ತ ಸೇರುವ ಗುಂಪಿನಲ್ಲಿ ನೀವೂ ನಿಂತುಕೊಳ್ಳಿ.